ನಮ್ಮ ಪಿನ್ 560070 ಎಂಥ ಸಂಖ್ಯೆ?

ಪ್ರಶ್ನೆ: ನಮ್ಮ ಮನೆ ಬೆಂಗಳೂರಿನ ಬನಶಂಕರಿ ಎರಡನೇ ಹಂತದಲ್ಲಿದೆ, ಪಿನ್ 560070. ಇದು ಪರಿಪೂರ್ಣ ಸಂಖ್ಯೆಯಾ ಎಂದು ಎಂಟನೇ ಕ್ಲಾಸಿನ ಮಗಳು ಕೇಳುತ್ತಿದ್ದಾಳೆ. ಜಿಪಿಒದ 560001 ಅವಿಭಾಜ್ಯ ಎಂದು ಅವಳ ಗೆಳತಿ ವಾದ ಮಾಡುತ್ತಾಳೆ. ಯಾವುದು ಸರಿ?

ಉತ್ತರ: ನಿಮ್ಮ ಪಿನ್ ಪರಿಪೂರ್ಣ ಅಲ್ಲ. ಆದರೆ ಬೇಜಾರು ಬೇಡ, ದೇಶದ ಯಾವ ಪಿನ್ನೂ ಅಲ್ಲ! ಒಂದು ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುವ, ಅದಕ್ಕಿಂತ ಚಿಕ್ಕ ಸಂಖ್ಯೆಗಳನ್ನೆಲ್ಲ ಕೂಡಿದಾಗ ಅದೇ ಸಂಖ್ಯೆ ಬಂದರೆ ಅದು ಪರಿಪೂರ್ಣ. 6ಕ್ಕೆ 1+2+3, ಲೆಕ್ಕ ಸರಿಹೋಯಿತು. ಇಂಥವು ತೀರಾ ಅಪರೂಪ: 6, 28, 496, 8128, ಆಮೇಲೆ ಒಂದೇ ನೆಗೆತಕ್ಕೆ 33550336. ಆರಂಕಿಯದು ಒಂದೂ ಇಲ್ಲ.

ಕೂಡಿದ್ದು ಜಾಸ್ತಿಯಾದರೆ ಸಮೃದ್ಧ ಸಂಖ್ಯೆ, ಕಡಿಮೆಯಾದರೆ ನ್ಯೂನ ಸಂಖ್ಯೆ. ಗ್ರೀಕರ ನಿಕೋಮ್ಯಾಕಸ್ ಸುಮಾರು 1900 ವರ್ಷದ ಹಿಂದೆಯೇ ಈ ಮೂರು ಗುಂಪುಗಳ ಬಗ್ಗೆ ಬರೆದಿದ್ದ.

ಈಗ ಮಗಳ ಕೈಗೆ ಪೆನ್ಸಿಲ್ ಕೊಡಿ. 560070ರ ಕೊನೆಗೆ ಸೊನ್ನೆ ಇದೆ, 10ರಿಂದ ಭಾಗಿಸಿದರೆ 56007. ಇದರ ಅಂಕಿಗಳ ಮೊತ್ತ 18, ಹಾಗಾಗಿ 9ರಿಂದ ಹೋಗುತ್ತದೆ: 6223. ಅದನ್ನು 7ರಿಂದ ಭಾಗಿಸಿದರೆ 889, ಇನ್ನೊಮ್ಮೆ 7ರಿಂದ ಭಾಗಿಸಿದರೆ 127. ಅಲ್ಲಿಗೆ ನಿಂತಿತು, 127 ಅವಿಭಾಜ್ಯ. ಅಂದರೆ 560070 = 2×3×3×5×7×7×127. ಇದಕ್ಕೆ ಒಟ್ಟು 72 ಭಾಜಕಗಳು. ಅದನ್ನೇ ಬಿಟ್ಟು ಉಳಿದ 71ನ್ನು ಕೂಡಿದರೆ 1147194, ಮೂಲ ಸಂಖ್ಯೆಯ ಎರಡರಷ್ಟಕ್ಕಿಂತಲೂ ಜಾಸ್ತಿ. ಸಮೃದ್ಧ ಅಂದರೆ ಸುಮ್ನೆ ಅಲ್ಲ, ತುಂಬಿ ತುಳುಕುವ ಸಮೃದ್ಧ!

ಇನ್ನೊಂದು ಬೋನಸ್. ಅಂಕಿಗಳ ಮೊತ್ತ 18 ಅಂದೆನಲ್ಲ, ಆ 18ರಿಂದಲೂ 560070 ಸರಿಯಾಗಿ ಭಾಗವಾಗುತ್ತದೆ: 31115. ಇಂಥವಕ್ಕೆ ‘ಹರ್ಷದ’ ಎಂದು ಹೆಸರಿಟ್ಟವರು ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಮೇಷ್ಟ್ರಾಗಿದ್ದ ಡಿ. ಆರ್. ಕಾಪ್ರೇಕರ್. ಸಂತೋಷ ಕೊಡುವುದು ಎಂದರ್ಥ. ಎಲ್ಲ ಪಿನ್‌ಗೂ ಈ ಭಾಗ್ಯ ಇಲ್ಲ. ಬಸವನಗುಡಿಯ 560004ರಲ್ಲಿ ಮೊತ್ತ 15, ಆದರೆ ಕೊನೆಗೆ 4 ಇರುವಾಗ 5ರಿಂದಲೇ ಹೋಗದು, 15ರ ಮಾತೆಲ್ಲಿ?

ಇನ್ನು ಗೆಳತಿಯ ವಾದ. 560001 ನೋಡೋಕೆ ಅವಿಭಾಜ್ಯದ ಹಾಗೇ ಇದೆ, ಅಲ್ವಾ? ಆದರೆ 5+6+1 ಎಂದರೆ 12, 3ರಿಂದ ಹೋಗುತ್ತದೆ. ವಾದ ಅಲ್ಲಿಗೇ ಬಿತ್ತು. ಪೂರ್ತಿ ಬಿಡಿಸಿದರೆ 3×13×83×173. ಅದನ್ನೇ ಬಿಟ್ಟು ಉಳಿದ ಭಾಜಕಗಳನ್ನು ಕೂಡಿದರೆ ಬರುವುದು 258495, ಅರ್ಧದಷ್ಟೂ ಇಲ್ಲ. ಹಾಗಾಗಿ ಇದು ನ್ಯೂನ. 3 ಮತ್ತು 13 ಬೇಗ ಸಿಕ್ಕವು. ಉಳಿದ 14359ನ್ನು ಒಡೆಯಲು 17, 19, 23 ಎಂದು ಒಂದೊಂದಾಗಿ ನೋಡುತ್ತಾ 83ಕ್ಕೆ ಬರುವಷ್ಟರಲ್ಲಿ ನನ್ನ ಕಾಫಿ ಆರಿಹೋಗಿತ್ತು.