ವಿಯೆಟ್ನಾಂ ಹೋಟ್ಲಲ್ಲಿ ಏನ್ ತಿನ್ನೋದು?

ಪ್ರಶ್ನೆ: ಮೇಡಂ, ಗೋಣಿಕೊಪ್ಪದಲ್ಲಿ ನಮ್ಮನೆ ಹತ್ರಾನೇ ಒಂದು ಸಣ್ಣ ವಿಯೆಟ್ನಾಂ ಹೋಟ್ಲು ಶುರುವಾಗಿದೆ. ನಮ್ಮೆಜಮಾನ್ರಿಗೆ ಹೋಗೋ ಆಸೆ, ಆದ್ರೆ ಅತ್ತೆ ಪಕ್ಕಾ ವೆಜ್. ಮೆನು ನೋಡಿದ್ರೆ ತಲೆಬುಡ ಅರ್ಥ ಆಗ್ಲಿಲ್ಲ. ಏನ್ ಆರ್ಡರ್ ಮಾಡೋದು?

ಉತ್ತರ: ಧಾರಾಳವಾಗಿ ಹೋಗ್ಬನ್ನಿ. ಅತ್ತೆಯವ್ರ ವಿಷ್ಯ ಮೊದ್ಲು ಹೇಳ್ಬಿಡ್ತೀನಿ, ಮೆನುಲಿ ವೆಜ್ ಅಂತ ಬರೆದಿದ್ರೂ ಫಿಶ್ ಸಾಸ್ ಹಾಕ್ತೀರಾ, ಸೂಪು ಮೂಳೆ ಬೇಯಿಸಿದ್ದಾ ಅಂತ ಎರಡೂ ಕೇಳಿ, ಯಾಕಂದ್ರೆ ಸಣ್ಣ ಮೀನಿಗೆ ಉಪ್ಪು ಬೆರೆಸಿ ತಿಂಗಳುಗಟ್ಲೆ ಇಟ್ಟು ಬಸಿದ ಆ ಸಾಸು ಅವ್ರ ಅಡುಗೆಲಿ ಹೆಚ್ಚುಕಮ್ಮಿ ಎಲ್ಲದಕ್ಕೂ ಬೀಳುತ್ತೆ, ಅದ್ದಿ ತಿನ್ನೋ ಚಟ್ನಿಗೂ. ತೋಫು (ಸೋಯಾ ಪನೀರ್), ಹಸಿ ತರಕಾರಿ ಇಟ್ಟು ತೆಳ್ಳನೆ ಅಕ್ಕಿ ಹಾಳೆಲಿ ಸುತ್ತಿದ ರೋಲ್ ಇದ್ರೆ ಅವರಿಗೆ ಅದೇ ಹೇಳಿ.

ಯಜಮಾನ್ರು ಫೋ ತಗೊಳ್ಲಿ. ಚಕ್ಕೆ, ಚಕ್ರಮೊಗ್ಗು ಹಾಕಿ ಗಂಟೆಗಟ್ಲೆ ಕುದಿಸಿದ ಮೂಳೆ ಸೂಪು, ಒಳಗೆ ಅಕ್ಕಿ ನೂಡಲ್ಸ್. ಸಾಮಾನ್ಯವಾಗಿ ಬೀಫ್‌ದು, ತಿನ್ನಲ್ಲ ಅಂದ್ರೆ ಚಿಕನ್‌ದು ಕೇಳಿ. ನೂಪುಟ್ಟು ತಿಂದು ಬೆಳೆದವ್ರಿಗೆ ಅಕ್ಕಿ ಶಾವಿಗೆ ಹೊಸದೇನಲ್ಲ ಬಿಡಿ, ಆದ್ರೆ ಪಂದಿ ಕರಿ ಖಾರ ಹುಡುಕ್ಬೇಡಿ. ಮೊದ್ಲು ಬರೀ ಸೂಪು ಕುಡಿದು ನೋಡಿ, ಆಮೇಲೆ ಪಕ್ಕದ ತಟ್ಟೆಲಿರೋ ಸೊಪ್ಪು, ನಿಂಬೆ, ಮೆಣಸು ಸ್ವಲ್ಪ ಸ್ವಲ್ಪವೇ ಹಾಕ್ಕೊಳ್ಳಿ.

ಕಾಫಿ ಮಾತ್ರ ಬಿಡ್ಬೇಡಿ! ರೊಬಸ್ಟಾ ಬೆಳೆಯೋದ್ರಲ್ಲಿ ವಿಯೆಟ್ನಾಂ ಪ್ರಪಂಚಕ್ಕೇ ಫಸ್ಟ್, ನಮ್ಮ ಕೊಡಗಿನ ತೋಟಗಳಲ್ಲೂ ಜಾಸ್ತಿ ಅದೇ. ಲೋಟದ ಮೇಲೆ ಕೂರಿಸಿದ ಪುಟಾಣಿ ಫಿಲ್ಟರಿಂದ ಡಿಕಾಕ್ಷನ್ ತೊಟ್ಟು ತೊಟ್ಟಾಗಿ ಕೆಳಗಿನ ಕಂಡೆನ್ಸ್ಡ್ ಮಿಲ್ಕ್ ಮೇಲೆ ಇಳಿಯುತ್ತೆ, ಪೂರ್ತಿ ಇಳಿಯೋವರ್ಗೂ ಕಾದು ತಳದಿಂದ ಕಲಸಿ ಕುಡೀರಿ. ಸಿಹಿ ಜೋರಾಗಿರುತ್ತೆ, ಅತ್ತೆಯವ್ರಿಗೆ ಶುಗರ್ ಇದ್ರೆ ಹಾಲಿಲ್ಲದ ಕಪ್ಪು ಕಾಫಿ ಸಕ್ಕರೆ ಹಾಕ್ದೆ ತರಿಸಿ.