1992ರ ಅಲ್ಲಾದೀನ್‌ನಲ್ಲಿ ಹಾಡಿನ ಸಾಲು ಬದಲಾಯ್ಸಿದ್ದು ನಿಜಾನಾ, ಮಗಳಿಗೆ ತೋರಿಸ್ಬೋದಾ?

ನಿಜಾನೇ. ಡಿಸ್ನಿಯ ಆ ಸಿನಿಮಾ ಥಿಯೇಟರ್‌ಗೆ ಬಂದಾಗ ಮೊದಲ ಹಾಡಲ್ಲೇ, ಮುಖ ಇಷ್ಟ ಆಗ್ಲಿಲ್ಲ ಅಂದ್ರೆ ಕಿವಿ ಕತ್ತರಿಸೋ ಊರು ಅನ್ನೋ ಅರ್ಥದ ಸಾಲಿತ್ತು, ಅಮೆರಿಕದ ಅರಬ್ ಸಂಘಟನೆಯವ್ರು ವಿರೋಧಿಸಿದ್ಮೇಲೆ 1993ರ ವಿಡಿಯೋ ಕ್ಯಾಸೆಟ್‌ನಲ್ಲಿ ಅದನ್ನ ತೆಗೆದು ಬಿಸಿಲು, ಬಯಲಿನ ಬಗ್ಗೆ ಹಾಕಿದ್ರು. ಆದ್ರೆ ಆ ದೇಶನ ಅನಾಗರಿಕ ಅನ್ನೋ ಮುಂದಿನ ಸಾಲು ಹಾಗೇ ಉಳೀತು, ಅದು ಹೋಗಿದ್ದು 2019ರ ರೀಮೇಕ್‌ನಲ್ಲಿ.

ನನಗೆ ಹಾಡಿಗಿಂತ ಜಾಸ್ತಿ ಬೇಜಾರಾಗೋದು ಪಾತ್ರಗಳ ಮಾತಿನ ಧಾಟಿ. ಅಲ್ಲಾದೀನ್, ರಾಜಕುಮಾರಿ ಜಾಸ್ಮಿನ್ ಇಬ್ರೂ ಅಮೆರಿಕದವ್ರ ಥರಾನೇ ಮಾತಾಡ್ತಾರೆ, ಸಂತೆ ವ್ಯಾಪಾರಿಗಳು ಕಾವಲುಗಾರರಿಗೆ ಮಾತ್ರ ದೊಡ್ಡ ಮೂಗು, ಒರಟು ಆಕ್ಸೆಂಟ್. ಜಾಸ್ಮಿನ್ ಹಸಿದ ಮಗೂಗೆ ಒಂದು ಸೇಬು ಕೊಟ್ಟಿದ್ದಕ್ಕೆ ಅಂಗಡಿಯವ್ನು ಅವಳ ಕೈ ಹಿಡ್ಕೊಂಡು ಕತ್ತಿ ಎತ್ತೋ ಸೀನ್ ಇದ್ಯಲ್ಲ, ಅದನ್ನ ನೋಡಿದ ಮಗು ಅಲ್ಲಿನ ಜನ ಎಲ್ಲಾ ಹಿಂಗೇ ಅಂದ್ಕೊಳ್ಳುತ್ತೆ, ಅದೇ ಭಯ ನನಗೆ.

ಏಳು ವರ್ಷದ ಮಗಳಿಗೆ ಖಂಡಿತ ತೋರಿಸಿ, ಪಕ್ಕದಲ್ಲೇ ಕೂತ್ಕೊಂಡು ಆ ಸೀನ್ ಬಂದಾಗ ನಿಲ್ಸಿ ಮಾತಾಡಿ. ಡಿಸ್ನಿಯದೇ 1953ರ ಸಿನಿಮಾ ಪೀಟರ್ ಪ್ಯಾನ್ ಮಾತ್ರ ಅವಳು ಸ್ವಲ್ಪ ದೊಡ್ಡವಳಾದ್ಮೇಲೆ ಸಾಕು, ಅಮೆರಿಕದ ಮೂಲನಿವಾಸಿಗಳನ್ನ ಗೇಲಿ ಮಾಡೋಕೇ ಅದ್ರಲ್ಲಿ ಒಂದು ಇಡೀ ಹಾಡಿದೆ.