ಯಾರೂ ಕಾಣದ ಗ್ರಹದ ಚಳಿಯನ್ನು ಅಳೆದವರು ಯಾರು?

ಪ್ರಶ್ನೆ: ಓಗಲ್-2005-ಬಿಎಲ್‌ಜಿ-390ಎಲ್‌ಬಿ ಎಂಬ ದೂರದ ಗ್ರಹದಲ್ಲಿ ಮೈನಸ್ 220 ಡಿಗ್ರಿ ಚಳಿ ಎಂದು ಮಗಳು ಓದಿ ಹೇಳಿದಳು. ಅಲ್ಲಿಗೆ ಥರ್ಮಾಮೀಟರ್ ಒಯ್ದವರು ಯಾರು? ಬೆಂಗಳೂರಿನಿಂದ ಆ ಗ್ರಹ ಕಾಣುತ್ತದೆಯೇ?
– ಓದುಗರು, ಬಸವನಗುಡಿ

ಉತ್ತರ: ಆ ಚಳಿಯನ್ನು ಯಾರೂ ಅಳೆದಿಲ್ಲ. ಗ್ರಹವನ್ನೂ ಯಾರೂ ಕಂಡಿಲ್ಲ. ಅದಿರುವುದು ಸುಮಾರು 21,500 ಜ್ಯೋತಿರ್ವರ್ಷ ಆಚೆ. ಹಾಗಿದ್ದರೂ ಅದು ಇದೆ ಎಂದು ಧೈರ್ಯವಾಗಿ ಹೇಳಬಹುದು. ನನಗಂತೂ ಖಗೋಳವಿಜ್ಞಾನದ ಅತಿ ಚಂದದ ಪತ್ತೇದಾರಿ ಇದೇ.

ತೂಕವಿರುವ ಯಾವುದೇ ಕಾಯ ತನ್ನ ಪಕ್ಕದಲ್ಲಿ ಹಾಯುವ ಬೆಳಕನ್ನು ಬಾಗಿಸುತ್ತದೆ. ಒಂದು ನಕ್ಷತ್ರದ ಮುಂದೆ ಇನ್ನೊಂದು ನೇರವಾಗಿ ಹಾದುಹೋದರೆ ಮುಂದಿನದು ಭೂತಗನ್ನಡಿಯಂತೆ ಕೆಲಸ ಮಾಡಿ, ಹಿಂದಿನದು ಕೆಲವು ವಾರ ಹೆಚ್ಚು ಬೆಳಗುತ್ತದೆ. 1936ರಲ್ಲಿ ಐನ್‌ಸ್ಟೈನ್ ಇದರ ಲೆಕ್ಕ ಬರೆದರು. ಆದರೆ ಇದನ್ನು ಕಣ್ಣಾರೆ ನೋಡಬಹುದೆಂಬ ಭರವಸೆ ಅವರಿಗಿರಲಿಲ್ಲ. ಅಷ್ಟು ನೇರವಾದ ಸಾಲು ಅತಿ ಅಪರೂಪ.

2005ರ ಜುಲೈ 31ರಂದು ಹೀಗೆ ಒಂದು ದೈತ್ಯ ನಕ್ಷತ್ರ ಸುಮಾರು ಮೂರು ಪಟ್ಟು ಬೆಳಗಿ, ಮತ್ತೆ ಮಂಕಾಗುತ್ತಿತ್ತು. ಆಗಸ್ಟ್ 10ರಂದು ಬೆಳಕಿನ ಆ ಇಳಿಜಾರಿನಲ್ಲಿ ಒಂದು ಪುಟ್ಟ ಉಬ್ಬು, ಅಂದರೆ ತುಸು ಹೆಚ್ಚಿನ ಹೊಳಪು, ಕಂಡಿತು. ಇದ್ದದ್ದು ಅರ್ಧ ದಿನ ಮಾತ್ರ. ಚಿಲಿಯಲ್ಲಿ ಬೆಳಗಾದರೆ ಆಸ್ಟ್ರೇಲಿಯಾದ ಪರ್ತ್‌ನಲ್ಲಿ ರಾತ್ರಿ; ಒಬ್ಬರ ಕೈಯಿಂದ ಇನ್ನೊಬ್ಬರಿಗೆ ಕಾವಲು ದಾಟಿಸಿದ್ದರಿಂದ ಅದು ಸಿಕ್ಕಿತು. ಆ ಉಬ್ಬನ್ನು ಎಬ್ಬಿಸಿದ್ದು ಮುಂದಿನ ನಕ್ಷತ್ರದ ಗ್ರಹ. ತೂಕ ಭೂಮಿಯ ಐದೂವರೆ ಪಟ್ಟು ಎನ್ನುತ್ತಾರೆ, ಆದರೆ ಅದರ ಅರ್ಧವೂ ಇರಬಹುದು, ದುಪ್ಪಟ್ಟೂ ಇರಬಹುದು.

ಇನ್ನು ಚಳಿ. ಗ್ರಹ ಸುತ್ತುವ ಆ ಮುಂದಿನ ನಕ್ಷತ್ರ ಕೆಂಪು ಕುಬ್ಜ, ಅಂದರೆ ಸಣ್ಣ, ಮಂಕು ನಕ್ಷತ್ರ. ಸೂರ್ಯನ ಬೆಳಕಿನ ನೂರನೇ ಒಂದು ಪಾಲೂ ಅದಕ್ಕಿಲ್ಲ. ಗ್ರಹವೋ, ಭೂಮಿ–ಸೂರ್ಯರ ನಡುವಿನ ಅಂತರದ 2.6 ಪಟ್ಟು ದೂರದಲ್ಲಿದೆ. ಇಷ್ಟು ಮಂಕು ಒಲೆಯಿಂದ ಇಷ್ಟು ದೂರ ಕೂತವರಿಗೆ ಎಷ್ಟು ಕಾವು ತಲುಪೀತು? ಆ ಲೆಕ್ಕದಿಂದ ಬಂದ ಅಂಕಿಯೇ ಮೈನಸ್ 220. ನಿಮ್ಮ ಮಗಳು 'ಅಂದಾಜು' ಎಂಬ ಪದವನ್ನು ಪಕ್ಕದಲ್ಲಿ ಬರೆದುಕೊಳ್ಳಲಿ.

ಬೆಂಗಳೂರಿನಿಂದಷ್ಟೇ ಅಲ್ಲ, ಎಲ್ಲಿಂದಲೂ ಅದು ಕಾಣದು. ದಿಕ್ಕನ್ನು ಮಾತ್ರ ಖಂಡಿತ ತೋರಿಸಬಹುದು. ಮಳೆಮೋಡ ಕವಿಯುವ ಮೊದಲು, ಮೇ ತಿಂಗಳ ನಡುರಾತ್ರಿ ಕಳೆದ ಮೇಲೆ, ಊರ ದೀಪಗಳಿಂದ ದೂರ ನಿಂತು ದಕ್ಷಿಣಕ್ಕೆ ನೋಡಿ. ವೃಶ್ಚಿಕದ ಕೊಂಡಿಯಲ್ಲಿ ಮೂಲಾ ನಕ್ಷತ್ರ ಕಾಣುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ, ಅಲ್ಲಿಂದ ಈಶಾನ್ಯಕ್ಕೆ, ಅಂದರೆ ಎಡಕ್ಕೆ ಮೇಲೆ, ಒಂದು ಮುಷ್ಟಿಗೂ ಕಡಿಮೆ ದೂರದಲ್ಲಿದೆ ಆ ದಿಕ್ಕು.